ಆಂಪ್ಲಿಫೈಯರ್ ನೀವೇ ಹಾಕಿಕೊಳ್ಳಿ, ತಂತಿಯಲ್ಲಿ ಮಾತ್ರ ದುಡ್ಡು ಉಳಿಸಬೇಡಿ

ಪ್ರಶ್ನೆ: ನನ್ನದು ಹಳೇ ಆಲ್ಟೊ. ಪರಿಚಯದವರಿಂದ ನಾಲ್ಕು ಚಾನೆಲ್‌ನ ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್ ಸಿಕ್ಕಿದೆ. ಮೇಲೆ 1,000 ವ್ಯಾಟ್ ಎಂದು ಬರೆದಿದೆ, ಪಕ್ಕದಲ್ಲಿ 25 ಆಂಪಿಯರ್‌ನ ಒಂದು ಫ್ಯೂಸ್ ಇದೆ. ಸ್ಪೀಕರ್‌ಗಳು 4 ಓಮ್, 40 ವ್ಯಾಟ್ ಆರ್‌ಎಂಎಸ್ (ನಿರಂತರವಾಗಿ ತಾಳುವ ಶಕ್ತಿ). ಕೈಯಲ್ಲಿರುವುದು 3,000 ರೂಪಾಯಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ವೈರಿಂಗ್ ಕಿಟ್ ಸಾಕೇ? ಸ್ನೇಹಿತನ ಕಾರಿನಲ್ಲಿ ಎಕ್ಸಲರೇಟರ್ ಒತ್ತಿದಂತೆಲ್ಲ ಸ್ಪೀಕರ್ ‘ಕುಂಯ್’ ಎನ್ನುತ್ತದೆ. ನನಗೂ ಹಾಗಾಗದಿರಲು ಏನು ಮಾಡಬೇಕು?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಮೊದಲು ಆ 1,000 ವ್ಯಾಟನ್ನು ಮರೆತುಬಿಡಿ. ನಿಜ ಹೇಳುವುದು ಫ್ಯೂಸ್. 25 ಆಂಪಿಯರನ್ನು ಎಂಜಿನ್ ಓಡುವಾಗಿನ 13.8 ವೋಲ್ಟ್‌ನಿಂದ ಗುಣಿಸಿದರೆ 345 ವ್ಯಾಟ್. ಎಬಿ ಕ್ಲಾಸ್ ಎಂಬ ಬಗೆಯ ಸರ್ಕ್ಯೂಟಿನ ಆಂಪ್ಲಿಫೈಯರ್ (ಆಂಪ್) ಆದರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಶಾಖವಾಗಿ ಹೋಗುತ್ತದೆ. ಉಳಿದದ್ದು ಚಾನೆಲ್‌ಗೆ 45 ವ್ಯಾಟ್ ಆಸುಪಾಸು. ನಿಮ್ಮ ಸ್ಪೀಕರ್‌ಗೆ ಹೇಳಿಮಾಡಿಸಿದ ಜೋಡಿ ಅದು.

ಅಗ್ಗದ ಕಿಟ್ ಬೇಡ. ಅದರ ತಂತಿ ಹೆಚ್ಚಾಗಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಮೇಲಿನ ಪ್ಲಾಸ್ಟಿಕ್ಕೇ ದಪ್ಪ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ಅಂದುಕೊಳ್ಳೋಣ. 10 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 25 ಆಂಪಿಯರ್ ಹರಿದರೆ ನಷ್ಟ 0.2 ವೋಲ್ಟ್ ಚಿಲ್ಲರೆ. ಒಳಗೆ 5 ಚದರ ಮಿ.ಮೀ. ಮಾತ್ರ ಲೋಹವಿರುವ ಕಿಟ್ ತಂತಿಯಲ್ಲಿ 0.7 ವೋಲ್ಟ್. ಬಾಸ್ ಬಂದಾಗಲೆಲ್ಲ ಆಂಪ್ ಉಸಿರುಕಟ್ಟಿದಂತೆ ಆಡುವುದು ಇದರಿಂದಲೇ. ಹಾಸನಕ್ಕೆ ಹೋದಾಗ ಬಿ.ಎಂ. ರಸ್ತೆ ಕಡೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ 10 ಚದರ ಮಿ.ಮೀ. ಮೆತ್ತನೆಯ ತಾಮ್ರದ ಕೇಬಲ್ ವಿಚಾರಿಸಿ, ಅಳತೆಗೆ ಕತ್ತರಿಸಿಕೊಳ್ಳಿ. ಬಜೆಟ್ಟಿನ ಅರ್ಧ ಇದಕ್ಕೇ ಹೋದರೂ ಹೋಗಲಿ. ತಂತಿಯ ತುದಿಗೆ ಹಾಕುವ ಲಗ್‌ಗಳನ್ನು ಇನ್‌ವರ್ಟರ್ ಬ್ಯಾಟರಿ ಅಂಗಡಿಯಲ್ಲಿ ಪ್ರೆಸ್ ಮಾಡಿಸಿಕೊಳ್ಳಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಶಿರಾಡಿ ಘಾಟಿಯ ಕುಲುಕಾಟಕ್ಕೆ ಬಹಳ ದಿನ ನಿಲ್ಲುವುದಿಲ್ಲ.

ಕೆಲಸ ಶುರುಮಾಡುವ ಮುಂಚೆ ಹತ್ತು ನಂಬರ್ ಸ್ಪ್ಯಾನರ್‌ನಿಂದ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಪಾಸಿಟಿವ್ ತಂತಿಗೆ 30 ಆಂಪಿಯರ್ ಫ್ಯೂಸ್ ಹಾಕಿ. ಅದು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಈ ಫ್ಯೂಸ್ ಇರುವುದು ಆಂಪ್ ಕಾಯಲಿಕ್ಕಲ್ಲ, ತಂತಿ ಕಾಯಲಿಕ್ಕೆ. ತಂತಿಯ ಸಿಪ್ಪೆ ಸವೆದು ಕಾರಿನ ತಗಡಿಗೆ ತಗುಲಿದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ಭಾಗವನ್ನು ಉಳಿಸುವವರು ಯಾರೂ ಇಲ್ಲ, ಕಾರೇ ಹೊತ್ತಿಕೊಳ್ಳಬಹುದು. ಎಂಜಿನ್ ಹಿಂದಿನ ತಗಡಿನ ಗೋಡೆಯಲ್ಲಿ ತಂತಿ ದಾಟಿಸುವಾಗ ಈಗಾಗಲೇ ಇರುವ ರಬ್ಬರ್ ಗ್ರಾಮೆಟ್ (ತೂತಿಗೆ ಹಾಕಿದ ರಬ್ಬರ್ ಬಳೆ) ಮೂಲಕವೇ ದಾಟಿಸಿ.

ಅರ್ತಿಂಗ್ ವಿಷಯದಲ್ಲಿ ನಿಧಾನಿಸಿ. ಅದೇ ದಪ್ಪದ ತಂತಿ, ಉದ್ದ ಒಂದೂವರೆ ಅಡಿ ಮೀರಬಾರದು. ಡಿಕ್ಕಿಯಲ್ಲಿ ಕಾರಿನ ತಗಡಿಗೆ ಕೂತ ಗಟ್ಟಿ ಬೋಲ್ಟ್ ಹುಡುಕಿ, ರೂಪಾಯಿ ನಾಣ್ಯದಷ್ಟು ಅಗಲ ಪೇಂಟನ್ನು ತಗಡು ಬೆಳ್ಳಗಾಗುವ ತನಕ ಉಜ್ಜಿ, ಹಲ್ಲಿರುವ ವಾಷರ್ ಇಟ್ಟು ಬಿಗಿಯಿರಿ. ಆಮೇಲೆ ಮೇಲೆಲ್ಲ ಗ್ರೀಸ್ ಬಳಿಯಿರಿ. ನಿಮ್ಮ ಕಡೆಯ ಮಳೆಗಾಲಕ್ಕೆ ಬರೀ ತಗಡು ಬಿಟ್ಟರೆ ತುಕ್ಕು ಗ್ಯಾರಂಟಿ. ಸೀಟ್ ಬೆಲ್ಟಿನ ಬೋಲ್ಟ್ ಮುಟ್ಟಬೇಡಿ, ಅದು ಜೀವ ಉಳಿಸುವ ಬೋಲ್ಟ್. ಹೊಸ ತೂತು ಕೊರೆಯಲೇಬೇಕಾದರೆ ಮೊದಲು ಕಾರಿನ ಅಡಿಗೆ ಬಗ್ಗಿ ಪೆಟ್ರೋಲ್ ಟ್ಯಾಂಕ್, ಪೈಪು ಎಲ್ಲಿವೆ ನೋಡಿ. ಆಂಪನ್ನು 12 ಮಿ.ಮೀ. ಪ್ಲೈವುಡ್ಡಿಗೆ ಕೂರಿಸಿ ಹಿಂದಿನ ಸೀಟಿನ ಬೆನ್ನಿಗೆ ಕಟ್ಟಿ. ಕಾರ್ಪೆಟ್ ಮೇಲೆ ಮಲಗಿಸಿದರೆ ನೀರಿನ ಭಯ, ಗಾಳಿಯೂ ಆಡುವುದಿಲ್ಲ.

ಸ್ಟೀರಿಯೊ ಜೊತೆಗೇ ಆಂಪನ್ನು ಆನ್-ಆಫ್ ಮಾಡುವ ರಿಮೋಟ್ ತಂತಿಯನ್ನು ಸ್ಟೀರಿಯೊದ ನೀಲಿ-ಬಿಳಿ ತಂತಿಗೆ ಕೊಡಿ. ನೇರ ಬ್ಯಾಟರಿಗೆ ಕೊಟ್ಟರೆ ಆಂಪ್ ಆಫ್ ಆಗುವುದೇ ಇಲ್ಲ, ಬೆಳಿಗ್ಗೆ ಕಾರು ತಳ್ಳಬೇಕಾದೀತು. ಸ್ಟೀರಿಯೊದಲ್ಲಿ ಆರ್‌ಸಿಎ (ಹಾಡಿನ ಸಿಗ್ನಲ್ ಒಯ್ಯುವ ಕೇಬಲಿನ ಸಾಕೆಟ್) ಇಲ್ಲದಿದ್ದರೆ ಹೊಸ ಸ್ಟೀರಿಯೊ ಬೇಕಿಲ್ಲ, ಬಹಳಷ್ಟು ಆಂಪ್‌ಗಳಲ್ಲಿ ಸ್ಟೀರಿಯೊದ ಸ್ಪೀಕರ್ ತಂತಿಯಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಇರುತ್ತದೆ.

ಇನ್ನು ‘ಕುಂಯ್’ ಸದ್ದು. ಎಂಜಿನ್ ವೇಗದ ಜೊತೆ ಏರಿಳಿಯುತ್ತಿದೆ ಎಂದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು. ಸ್ಟೀರಿಯೊದ ಅರ್ತ್ ಒಂದು ಕಡೆ, ಆಂಪಿನದು ಇನ್ನೊಂದು ಕಡೆ ಇದ್ದು ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸವಿದ್ದರೆ, ಅದು ಆರ್‌ಸಿಎ ಕೇಬಲ್ ಹಿಡಿದು ಒಳಗೆ ಬರುತ್ತದೆ. ಪವರ್ ತಂತಿ ಕಾರಿನ ಒಂದು ಪಕ್ಕದಲ್ಲಿ, ಆರ್‌ಸಿಎ ಇನ್ನೊಂದು ಪಕ್ಕದಲ್ಲಿ ಹೋಗಲಿ. ಆದರೂ ಬಂದರೆ ಆಂಪ್ ಆಫ್ ಮಾಡಿ, ಆರ್‌ಸಿಎ ಕಿತ್ತು, ಮತ್ತೆ ಆನ್ ಮಾಡಿ. ಸದ್ದು ನಿಂತರೆ ದೋಷ ಸ್ಟೀರಿಯೊ ಕಡೆ: ಅದರ ಕಪ್ಪು ತಂತಿಯನ್ನು ಡ್ಯಾಶ್‌ಬೋರ್ಡ್ ಒಳಗಿನ ಲೋಹಕ್ಕೆ ನೇರ ಕೊಡಿ. ನಿಲ್ಲದಿದ್ದರೆ ಆಂಪಿನ ಅರ್ತ್ ಮತ್ತೆ ಬಿಚ್ಚಿ ಉಜ್ಜಿ. ಆರ್‌ಸಿಎ ನಡುವೆ ಹಾಕುವ ಅಗ್ಗದ ಐಸೊಲೇಟರ್ ಡಬ್ಬಿ ಬಾಸ್ ತಿನ್ನುತ್ತದೆ, ಕೊನೆಗೆ ನೋಡೋಣ.

ಆಂಪಿನ ಮೇಲಿರುವ ಗೇನ್ ತಿರುಪು ವಾಲ್ಯೂಮ್ ಅಲ್ಲ, ಸ್ಟೀರಿಯೊದ ಸಿಗ್ನಲ್‌ಗೆ ಆಂಪನ್ನು ಹೊಂದಿಸುವಂಥದ್ದು. ಸ್ಪೀಕರ್ ತಂತಿ ಬಿಚ್ಚಿ, ಫಿಲ್ಟರ್, ಬಾಸ್ ಬೂಸ್ಟ್ ಎಲ್ಲ ಆಫ್ ಮಾಡಿ. ಗೇನ್ ಪೂರ್ತಿ ಇಳಿಸಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, 400 ಹರ್ಟ್ಸ್ ಟೋನ್ ಹಾಕಿ. ಅಗ್ಗದ ಮಲ್ಟಿಮೀಟರ್ ಅದಕ್ಕಿಂತ ಮೇಲೆ ಎಸಿ ವೋಲ್ಟೇಜನ್ನು ತಪ್ಪು ತೋರಿಸುತ್ತದೆ. 40 ವ್ಯಾಟ್, 4 ಓಮ್ ಗುಣಿಸಿದರೆ 160, ಅದರ ವರ್ಗಮೂಲ 12.6. ಆಂಪಿನ ಸ್ಪೀಕರ್ ಟರ್ಮಿನಲ್‌ಗೆ ಮೀಟರ್ ಹಿಡಿದು ಗೇನ್ ನಿಧಾನಕ್ಕೆ ಏರಿಸಿ, 12.6 ವೋಲ್ಟ್ ಬಂದ ಕಡೆ ನಿಲ್ಲಿಸಿ. ನಂತರ ಡೋರ್ ಸ್ಪೀಕರ್‌ಗಳಿಗೆ ಹೈಪಾಸ್ (ಕೆಳಗಿನ ಬಾಸ್ ತಡೆಯುವ ಫಿಲ್ಟರ್) 80 ಹರ್ಟ್ಸ್‌ಗೆ ಇಡಿ.

ಅರ್ಧ ಗಂಟೆ ಜೋರಾಗಿ ಹಾಡು ಹಾಕಿ, ಬಾನೆಟ್ ಎತ್ತಿ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಪಕ್ಕದ ತಂತಿಗಿಂತ ಅದೇ ಹೆಚ್ಚು ಬಿಸಿಯಾಗಿದ್ದರೆ ಸ್ಕ್ರೂ ಸಡಿಲವಿದೆ.