.22 ತೋಟಾ ಸಿಗದಿರುವಾಗ ಹವ್ಯಾಸಿ ಶೂಟರ್ ಅಭ್ಯಾಸ ಮುಂದುವರಿಸುವುದು ಹೇಗೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಕೋಲಾರದಲ್ಲಿದ್ದುಕೊಂಡು ಹವ್ಯಾಸಕ್ಕಾಗಿ 50 ಮೀಟರ್ ರೈಫಲ್ ಅಭ್ಯಾಸ ಮಾಡುವ ನಿಮಗೆ ಆರು ತಿಂಗಳಿಂದ .22 ತೋಟಾ (ಸುಮಾರು 0.22 ಇಂಚು ದಪ್ಪದ ಗುಂಡಿನ ಚಿಕ್ಕ ತೋಟಾ) ಬೇಕಾದಷ್ಟು ಸಿಗುತ್ತಿಲ್ಲ, ಸಿಕ್ಕರೂ ಬೆಲೆ ಭಾರವಾಗುತ್ತಿದೆ, ಹೀಗಿರುವಾಗ ಅಭ್ಯಾಸವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಒಂದು. ಅಮೆರಿಕದವರು ವಿಡಿಯೊಗಳಲ್ಲಿ ತೋರಿಸುವ ಹಾಗೆ ಖಾಲಿ ಕೇಸುಗಳಿಗೆ, ಅಂದರೆ ಹೊಡೆದ ಮೇಲೆ ಉಳಿಯುವ ತೋಟಾದ ಹೊರಕವಚಗಳಿಗೆ, ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳಬಹುದೇ ಎಂಬುದು ಇನ್ನೊಂದು. ನಾನು ತುಮಕೂರಿನವನು, ಹನ್ನೊಂದು ವರ್ಷಗಳಿಂದ ಇದೇ ಹವ್ಯಾಸದಲ್ಲಿದ್ದೇನೆ, ಹೇಳಿಕೊಳ್ಳುವಂಥ ಪದಕವೇನೂ ಇಲ್ಲ. ಎರಡನೆಯ ಪ್ರಶ್ನೆಯ ಉತ್ತರ ಚಿಕ್ಕದಾದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ: ಆಗುವುದಿಲ್ಲ.

ಆಗದಿರುವುದಕ್ಕೆ ಮೊದಲ ಕಾರಣ ತೋಟಾದ ರಚನೆಯಲ್ಲಿಯೇ ಇದೆ. ಆ ವಿಡಿಯೊಗಳಲ್ಲಿ ಕಾಣುವ ದೊಡ್ಡ ತೋಟಾಗಳ ಬುಡದ ನಡುವೆ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಎಂಬ ಪುಟ್ಟ ಬಟ್ಟಲು ಬೇರೆಯಾಗಿ ಕೂತಿರುತ್ತದೆ; ಸುಟ್ಟ ಮೇಲೆ ಅದನ್ನು ತೆಗೆದು ಹೊಸದನ್ನು ಕೂರಿಸಲು ಬರುತ್ತದೆ. .22ರಲ್ಲಿ ಹಾಗಿಲ್ಲ. ಸಿಡಿಯುವ ಮಿಶ್ರಣವನ್ನು ಹಿತ್ತಾಳೆ ಕೇಸಿನ ಅಂಚಿನ ಮಡಿಕೆಯೊಳಗೇ ಕಾರ್ಖಾನೆಯಲ್ಲಿ ತುಂಬಿರುತ್ತಾರೆ, ರೈಫಲ್ಲಿನ ಪಿನ್ನು ಆ ಅಂಚನ್ನೇ ಜಜ್ಜಿ ಸಿಡಿಸುತ್ತದೆ, ಹೀಗೆ ಒಮ್ಮೆ ಜಜ್ಜಿಹೋದ ಕೇಸು ಗುಜರಿಗಷ್ಟೇ ಸಲ್ಲುತ್ತದೆ. ಎರಡನೆಯ ಕಾರಣ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯು ಮದ್ದುಗುಂಡು ಎಂಬುದರ ವ್ಯಾಖ್ಯೆಯಲ್ಲಿ ಸಿದ್ಧವಾದ ತೋಟಾದ ಜೊತೆಗೆ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಸೇರಿಸಿದೆ. ತಯಾರಿಕೆಗೆ ಪ್ರತ್ಯೇಕ ಲೈಸೆನ್ಸ್ ಬೇಕೆಂದು ಅದರ 5ನೆಯ ಸೆಕ್ಷನ್ ಹೇಳುತ್ತದೆ. ನಿಮ್ಮಲ್ಲಿಯೂ ನನ್ನಲ್ಲಿಯೂ ಇರುವುದು ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್, ತೋಟಾ ತಯಾರಿಸುವುದಲ್ಲ. ನಮ್ಮ ತಾತ ಹಂದಿ ಕಾಯಲು ಕೇಪಿನ ಕೋವಿಗೆ ನಳಿಕೆಯ ಬಾಯಿಂದ ಮದ್ದು, ಚರೆ ತುಂಬಿ ಗಜದಿಂದ ಗಿಡಿಯುತ್ತಿದ್ದುದನ್ನು ಚಿಕ್ಕವನಿದ್ದಾಗ ಬೆರಗಿನಿಂದ ನೋಡಿದ್ದೇನೆ. ಆ ಕೋವಿಯ ಸ್ವಭಾವವೇ ಬೇರೆ. ಅದನ್ನು ನೋಡಿ ಬೆಳೆದವರು ಇದೂ ಅಷ್ಟೇ ತಾನೇ ಎಂದುಕೊಂಡರೆ ಬೆರಳನ್ನೋ ಕಣ್ಣನ್ನೋ ಕಳೆದುಕೊಳ್ಳುತ್ತಾರೆ.

ಇನ್ನು ತೋಟಾ ಏಕೆ ಸಿಗುತ್ತಿಲ್ಲ ಎಂಬುದನ್ನು ಸ್ವಲ್ಪ ತಿಳಿದಿದ್ದರೆ ಅಂಗಡಿಯವರ ಮೇಲೆ ರೇಗುವುದು ತಪ್ಪುತ್ತದೆ. 2020ರಲ್ಲಿ ಕೋವಿಡ್ ಬಂದಾಗ ಅಮೆರಿಕದಲ್ಲಿ ಬಂದೂಕು ಕೊಳ್ಳುವವರ ನೂಕುನುಗ್ಗಲಾಗಿ ಪ್ರೈಮರ್‌ಗಳೇ ಮಾಯವಾದವು. ಮನೆಯಲ್ಲಿ ಮದ್ದು ತುಂಬಿಕೊಳ್ಳಲು ಎಲ್ಲ ಅನುಕೂಲವಿದ್ದ ಅಲ್ಲಿನವರೂ ಆಗ ಕೈಕಟ್ಟಿ ಕೂತರು. ಆ ಬರ ಪೂರ್ತಿ ತೀರುವ ಮುನ್ನವೇ, 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾ ಪೂರ್ಣಪ್ರಮಾಣದ ದಾಳಿ ನಡೆಸಿತು. ಬಂದೂಕಿನ ಮದ್ದಿಗೆ ಮೂಲವಾದ ನೈಟ್ರೋಸೆಲ್ಯುಲೋಸನ್ನು ಹತ್ತಿಬೀಜಕ್ಕೆ ಅಂಟಿರುವ ಗಿಡ್ಡ ಎಳೆಗಳಿಂದ ಮಾಡುತ್ತಾರೆ. ಫಿರಂಗಿ ಗುಂಡುಗಳಿಗೂ ಅದೇ ಬೇಕಾದ್ದರಿಂದ ಯುರೋಪಿನಲ್ಲಿ ಸೈನ್ಯದ ಪಾಲು ಮೊದಲಾಯಿತು, ಆಟಗಾರರ ಪಾಲು ಹಿಂದೆ ಬಿತ್ತು. ನಾವು ಸ್ಪರ್ಧೆಗೆ ಬಯಸುವ ತೋಟಾಗಳು ಬರುವುದೇ ಬರ್ಮಿಂಗ್‌ಹ್ಯಾಮಿನ ಈಲಿ, ಜರ್ಮನಿಯ ಆರ್‌ಡಬ್ಲ್ಯೂಎಸ್, ಫಿನ್ಲೆಂಡಿನ ಲಾಪುವಾದಂಥ ಬೆರಳೆಣಿಕೆಯ ತಯಾರಕರಿಂದ. ಅವನ್ನು ತರಿಸುವ ಅವಕಾಶ ನಮ್ಮ ದೇಶದಲ್ಲಿ ಸಾಮಾನ್ಯ ಲೈಸೆನ್ಸುದಾರನಿಗಿಲ್ಲ. 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಸ್ಥೆ, ಕ್ಲಬ್ಬುಗಳು ಮತ್ತು ಮಾನ್ಯತೆ ಪಡೆದ ಶೂಟರ್‌ಗಳ ಮೂಲಕವೇ ಅವು ಬರಬೇಕು. ದೇಶದೊಳಗೆ ತಯಾರಾಗುವುದು ಪುಣೆಯ ಖಡ್ಕಿಯಲ್ಲಿ. 1869ರಲ್ಲಿ ಆರಂಭವಾದ ಆ ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಮ್ಯುನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಅಡಿಯಲ್ಲಿದೆ. ಅದಕ್ಕೂ ಸೈನ್ಯದ ಕೆಲಸವೇ ಮುಖ್ಯ. ಹಾಗಾಗಿ ಕೋಲಾರದ ಅಥವಾ ತುಮಕೂರಿನ ಬರ ಊರಿನ ಮಟ್ಟದಲ್ಲಿ ನೀಗುವಂಥದ್ದಲ್ಲ. ನಮ್ಮ ಕೈಯಲ್ಲಿರುವುದು ಇರುವ ತೋಟಾವನ್ನು ಬಳಸುವ ರೀತಿ ಒಂದೇ.

ಈ ರೀತಿಯನ್ನು ನಾನು ಕಲಿತದ್ದು ನನ್ನದೇ ಲೆಕ್ಕದ ಪುಸ್ತಕದಿಂದ. ಮೊದಲೆಲ್ಲ ಒಂದು ಭಾನುವಾರಕ್ಕೆ ಎಂಬತ್ತು ಗುಂಡು ಹೊಡೆಯುತ್ತಿದ್ದೆ, ಪ್ರತಿಯೊಂದರ ಅಂಕವನ್ನೂ ಬರೆದಿಡುವ ಅಭ್ಯಾಸವಿತ್ತು. ತೋಟಾ ಸಿಗದೆ ಮನೆಯಲ್ಲಿ ಸುಮ್ಮನೆ ಕೂತ ಒಂದು ವಾರ ಹಳೆಯ ಪುಟಗಳನ್ನು ತಿರುವಿದಾಗ ಎರಡು ಸಂಗತಿ ಕಣ್ಣಿಗೆ ಬಿದ್ದವು. ಮೊದಲ ಹದಿನೈದು ಗುಂಡುಗಳು ದೇಹ ಇನ್ನೂ ಕೂಡದಿದ್ದ ಕಾರಣಕ್ಕೆ ಅತ್ತಿತ್ತ ಹೋಗಿದ್ದವು. ನಲವತ್ತೈದನೆಯ ಗುಂಡಿನಾಚೆ ಕಾಗದದ ಮೇಲೆ ಗುಂಡುಗಳು ಬೀಳುವ ಜಾಗ ಮತ್ತೆ ಹರಡುತ್ತಿತ್ತು, ಏಕೆಂದರೆ ಆ ಹೊತ್ತಿಗೆ ನಾನು ದಣಿದು, ಮುಗಿಸಿದರೆ ಸಾಕೆಂಬ ಆತುರದಲ್ಲಿ ಟ್ರಿಗರ್ ಎಳೆಯುತ್ತಿದ್ದೆ. ಅಂದರೆ ಎಂಬತ್ತರಲ್ಲಿ ನನಗೆ ಏನನ್ನಾದರೂ ಕಲಿಸಿದ್ದು ಮೂವತ್ತು ಮಾತ್ರ, ಉಳಿದ ಐವತ್ತು ತಪ್ಪನ್ನೇ ರೂಢಿ ಮಾಡಿಸುತ್ತಿದ್ದವು, ಅದೂ ನನ್ನ ದುಡ್ಡಿನಲ್ಲಿ. ಅಂದಿನಿಂದ ರೇಂಜಿಗೆ, ಅಂದರೆ ಗುರಿ ಹೊಡೆಯುವ ಮೈದಾನಕ್ಕೆ, ಮೂವತ್ತೈದಕ್ಕಿಂತ ಹೆಚ್ಚು ತೋಟಾ ಒಯ್ಯುವುದಿಲ್ಲ, ಐದು ಗುರಿ ಸರಿಪಡಿಸಿಕೊಳ್ಳಲು, ಮೂವತ್ತು ಲೆಕ್ಕಕ್ಕೆ. ಅಂಕ ಇಳಿಯಲಿಲ್ಲ, ಏರಿತೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು.

ಕೈಬಿಟ್ಟ ಆ ಗುಂಡುಗಳ ಜಾಗವನ್ನು ತುಂಬುವುದು ಒಣ ಅಭ್ಯಾಸ, ಅಂದರೆ ತೋಟಾ ಇಲ್ಲದೆ ಟ್ರಿಗರ್ ಒತ್ತುವುದು. ಇಲ್ಲಿ ಒಂದು ಎಚ್ಚರ ಬೇಕು: .22 ರೈಫಲ್ಲನ್ನು ಬರಿದಾಗಿ ಹೊಡೆದರೆ ಪಿನ್ನು ನಳಿಕೆಯ ಬುಡದಲ್ಲಿ ತೋಟಾ ಕೂರುವ ಗೂಡಿನ ಅಂಚಿಗೇ ಬಡಿದು ಅಲ್ಲಿ ಗುಳಿ ಬೀಳಿಸಬಹುದು, ಆಮೇಲೆ ನಿಜವಾದ ತೋಟಾ ಸರಿಯಾಗಿ ಕೂರುವುದಿಲ್ಲ. ನಿಮ್ಮ ರೈಫಲ್ಲಿನಲ್ಲಿ ಒಣ ಅಭ್ಯಾಸದ ವ್ಯವಸ್ಥೆ ಇದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿ, ಇಲ್ಲದಿದ್ದರೆ ಅದಕ್ಕೆಂದೇ ಸಿಗುವ ಪ್ಲಾಸ್ಟಿಕ್ಕಿನ ಡಮ್ಮಿ ಬಳಸಿ. ಅಭ್ಯಾಸಕ್ಕೆ ಕೂರುವ ಕೋಣೆಯಲ್ಲಿ ಒಂದೂ ನಿಜವಾದ ತೋಟಾ ಇರಬಾರದು, ಇದರಲ್ಲಿ ರಿಯಾಯಿತಿ ಇಲ್ಲ. ಗೋಡೆಯ ಮೇಲೆ ಒಂದು ಕರಿ ಚುಕ್ಕಿ, ನಳಿಕೆಯ ಮೇಲೆ ಒಂದು ರೂಪಾಯಿ ನಾಣ್ಯ, ಅದು ಬೀಳದಂತೆ ಇಪ್ಪತ್ತು ಸಲ ಟ್ರಿಗರ್, ದಿನಕ್ಕೆ ಇಪ್ಪತ್ತು ನಿಮಿಷ. ಬೇಸರದ ಕೆಲಸವೇ. ನನ್ನ ಹೆಂಡತಿ ಇದನ್ನು ನಾಣ್ಯದ ಪೂಜೆ ಎಂದು ಕರೆಯುತ್ತಾಳೆ.

ಅದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮದ್ದಿಲ್ಲದೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ರೈಫಲ್. 4.5 ಮಿಲಿಮೀಟರ್ ಬೋರನ್ನೂ (ನಳಿಕೆಯ ಒಳವ್ಯಾಸ) 20 ಜೌಲ್ ಶಕ್ತಿಯನ್ನೂ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ರೈಫಲ್ಲುಗಳ ಶಕ್ತಿ ಅದರ ಅರ್ಧಕ್ಕೂ ಕಡಿಮೆ. ಅದರ ಪುಟ್ಟ ಗುಂಡುಗಳಾದ ಪೆಲೆಟ್ಟುಗಳು ಐನೂರರ ಡಬ್ಬಿಯಲ್ಲಿ ಬರುತ್ತವೆ, ಮದ್ದಾಗಲಿ ಪ್ರೈಮರ್ ಆಗಲಿ ಇಲ್ಲದ ಬರಿಯ ಸೀಸವಾದ್ದರಿಂದ ಯುದ್ಧದ ಬಿಸಿ ಅವಕ್ಕೆ ಅಷ್ಟಾಗಿ ತಟ್ಟಿಲ್ಲ, ದೇಶದಲ್ಲಿ ತಯಾರಾದವೂ ಅಭ್ಯಾಸಕ್ಕೆ ಸಾಲುತ್ತವೆ. ಗುಬ್ಬಿಯ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಕೊಬ್ಬರಿಗೆಂದು ಕಾಯಿ ಶೇಖರಿಸುತ್ತಿದ್ದ ಶೆಡ್ಡೊಂದು ಖಾಲಿ ಬಿದ್ದಿತ್ತು, ಉದ್ದ ಹನ್ನೆರಡು ಮೀಟರ್. ಅದರ ಕೊನೆಯಲ್ಲಿ ಮರದ ಪೆಟ್ಟಿಗೆಯೊಂದಕ್ಕೆ ಹಳೆಯ ಗೋಣಿಚೀಲಗಳನ್ನು ಒತ್ತಿ ತುಂಬಿ, ಹಿಂದೆ ಇಳಿಜಾರಾಗಿ ಕಬ್ಬಿಣದ ತಗಡು ನಿಲ್ಲಿಸಿ ಗುರಿಹಲಗೆ ಮಾಡಿಕೊಂಡೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುತ್ತೇನೆ, ಆಮೇಲೆ ಸೀಸ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಕಾಫಿ ಲೋಟವನ್ನೂ ಹಿಡಿಯುವುದಿಲ್ಲ. (ಕೊಡಗಿನ ಗೆಳೆಯನೊಬ್ಬ ಇದನ್ನು ನೋಡಿ, ನಮ್ಮಲ್ಲಿ ಕೈಲ್‌ಪೊಳ್ದು ಹಬ್ಬಕ್ಕೆ ತೆಂಗಿನಕಾಯಿಗೇ ಗುಂಡು ಹೊಡೆಯುತ್ತೇವೆ, ನೀನು ಕಾಯಿ ಇಡುವ ಜಾಗದಲ್ಲಿ ಕಾಗದಕ್ಕೆ ಹೊಡೆಯುತ್ತೀಯಲ್ಲ ಎಂದು ನಕ್ಕಿದ್ದ. ಕೊಬ್ಬರಿಯ ಬೆಲೆಗಾಗಿ ತಿಪಟೂರಿನ ಮಾರುಕಟ್ಟೆಯ ಕಡೆ ಕಿವಿಯಿಟ್ಟು ಬದುಕುವ ನಮಗೆ ಆ ಹಬ್ಬ ಕೊಂಚ ದುಬಾರಿ.)

ಏರ್ ರೈಫಲ್ ಆಟಿಕೆ, ಅದರಿಂದ .22ಕ್ಕೆ ಏನೂ ಸಿಗದು ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. .22ರ ಗುಂಡು ಸೆಕೆಂಡಿಗೆ ಸುಮಾರು 320 ಮೀಟರ್ ವೇಗದಲ್ಲಿ ಹೊರಡುತ್ತದೆ, ಪೆಲೆಟ್ಟಿನ ವೇಗ 170ರ ಆಸುಪಾಸು. ಟ್ರಿಗರ್ ಬಿದ್ದ ಮೇಲೂ ಪೆಲೆಟ್ಟು ನಳಿಕೆಯೊಳಗೆ ಹೆಚ್ಚು ಹೊತ್ತು ಇರುವುದರಿಂದ, ಹೊಡೆದ ಕೂಡಲೇ ತಲೆಯೆತ್ತಿ ನೋಡುವ ನಮ್ಮ ಕೆಟ್ಟ ಚಾಳಿಯನ್ನು ಅದು ಆ ಕ್ಷಣವೇ ಕಾಗದದ ಮೇಲೆ ಬರೆದು ತೋರಿಸುತ್ತದೆ. 50 ಮೀಟರ್ ಗುರಿಯ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್, 10 ಮೀಟರ್ ಏರ್ ರೈಫಲ್ ಗುರಿಯದು ಬರೀ ಅರ್ಧ ಮಿಲಿಮೀಟರ್; ಗುಂಡಿನ ಅಂಚು ತಾಗಿದರೂ ಅಂಕ ಸಿಗುವುದರಿಂದ ಕೇಳಿದಷ್ಟು ಅಸಾಧ್ಯವೇನಲ್ಲ. ಅದು ಕಲಿಸದಿರುವುದೆಂದರೆ ಗಾಳಿಯ ಲೆಕ್ಕ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿಗೆ 50 ಮೀಟರಿನಲ್ಲಿ ಗುಂಡು ಪಕ್ಕಕ್ಕೆ ಸರಿಯುವುದನ್ನು ತಿಳಿಯಲು ನಿಜವಾದ ತೋಟಾವೇ ಬೇಕು. ನನ್ನ ಮೂವತ್ತೈದನ್ನು ಈಗ ಗಾಳಿಯಿರುವ ದಿನಗಳಿಗಾಗಿಯೇ ಉಳಿಸಿಕೊಳ್ಳುತ್ತೇನೆ.

ಕೊಳ್ಳುವ ವಿಷಯದಲ್ಲಿ ನಾನು ಮಾಡಿದ ಎರಡು ತಪ್ಪುಗಳನ್ನು ಹೇಳಿಬಿಡುತ್ತೇನೆ. ಬರದ ಭಯಕ್ಕೆ ಒಮ್ಮೆ ಸಿಕ್ಕ ಸಿಕ್ಕ ಮೂರು ಬಗೆಯ ತೋಟಾಗಳನ್ನು ಒಟ್ಟಿಗೆ ಕೊಂಡು, ಒಂದು ಬಗೆ ಮುಗಿದಾಗ ಇನ್ನೊಂದನ್ನು ಬಳಸುತ್ತ ಹೋದೆ. ಪ್ರತಿ ರೈಫಲ್ಲಿಗೂ ಒಗ್ಗುವ ತೋಟಾ ಬೇರೆ. ಒಂದೇ ಹೆಸರಿನ ತೋಟಾದಲ್ಲೂ ಲಾಟ್ ಸಂಖ್ಯೆ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ತಂಡದ ಗುರುತು) ಬದಲಾದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ಸ್ಪರ್ಧೆಯ ದಿನ ಕೈಗೆ ಬಂದದ್ದು ಮೂರನೆಯ ಬಗೆ, ಗುರಿ ಸರಿಪಡಿಸುವುದರಲ್ಲೇ ಅರ್ಧ ಸಮಯ ಹೋಯಿತು. ಈಗ ಒಂದೇ ಲಾಟಿನ ನಾಲ್ಕು ಪೆಟ್ಟಿಗೆ, ಅಂದರೆ ಇನ್ನೂರು ತೋಟಾ, ಸ್ಪರ್ಧೆಗೆಂದು ಪ್ರತ್ಯೇಕವಾಗಿ ಬೀಗದಲ್ಲಿವೆ, ಅಭ್ಯಾಸಕ್ಕೆ ಏನು ಸಿಕ್ಕರೂ ನಡೆಯುತ್ತದೆ. ಎರಡನೆಯ ತಪ್ಪು, ಮೇಲ್ಮಹಡಿಯ ಶೀಟ್ ಚಾವಣಿಯ ಕೋಣೆಯ ಬೀರುವಿನಲ್ಲಿ ಬೇಸಗೆಯುದ್ದಕ್ಕೂ ತೋಟಾ ಇಟ್ಟದ್ದು. ಗುಂಡಿನ ಮೇಲಿನ ಮೇಣ ಕರಗಿ ಪೆಟ್ಟಿಗೆಗೆ ಅಂಟಿಕೊಂಡಿತ್ತು. ತಂಪಾದ ಒಣ ಜಾಗದಲ್ಲಿಟ್ಟರೆ ಅವು ವರ್ಷಗಟ್ಟಲೆ ಕೆಡುವುದಿಲ್ಲ. ಹಳೆಯ ತೋಟಾ ಎಂದಾದರೂ ಸಿಡಿಯದೆ ಹೋದರೆ ನಳಿಕೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿಯುವುದೂ ಉಂಟು.

ಗೆಳೆಯರಿಂದ ಕೈಗಡ ತರುವ ಯೋಚನೆ ಬೇಡ. ನಾವು ಕೊಂಡ ಪ್ರತಿ ತೋಟಾವೂ ಲೈಸೆನ್ಸಿನ ಲೆಕ್ಕದಲ್ಲಿರುತ್ತದೆ, ಅದನ್ನು ಸಕ್ಕರೆಯ ಹಾಗೆ ಪಕ್ಕದ ಮನೆಗೆ ಕೊಡಲು ಬರುವುದಿಲ್ಲ. ಬಿಲ್ಲಿಲ್ಲದೆ ಕೊಡುತ್ತೇನೆನ್ನುವವನ ಹತ್ತಿರ ಹೋದರಂತೂ ತೋಟಾದೊಂದಿಗೆ ಲೈಸೆನ್ಸೂ ಹೋಗುತ್ತದೆ. ಅದರ ಬದಲು ಕ್ಲಬ್ಬಿನ ಸದಸ್ಯರಾಗಿ, ರೇಂಜಿನಲ್ಲಿಯೇ ಕ್ಲಬ್ಬಿನ ರೈಫಲ್ ಮತ್ತು ಅಲ್ಲೇ ಕೊಡುವ ತೋಟಾ ಬಳಸಿ. ತರಿಸುವ ಪಟ್ಟಿಯನ್ನು ಕ್ಲಬ್ಬಿನವರು ಯಾವಾಗ ಬರೆದುಕೊಳ್ಳುತ್ತಾರೆಂದು ವಿಚಾರಿಸಿಟ್ಟುಕೊಳ್ಳಿ, ಆ ದಿನ ತಪ್ಪಿದರೆ ಮುಂದಿನದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಚುನಾವಣೆಯ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2023ರ ವಿಧಾನಸಭೆ ಮತ್ತು 2024ರ ಲೋಕಸಭೆ ಚುನಾವಣೆಗಳೆರಡರಲ್ಲೂ ನನ್ನ ರೈಫಲ್ಲನ್ನು ಪೊಲೀಸರಿಗೆ ಒಪ್ಪಿಸಬೇಕಾಗಿ ಬಂದು ಅದು ವಾರಗಟ್ಟಲೆ ಠಾಣೆಯಲ್ಲಿತ್ತು. ಕ್ರೀಡಾಪಟು ಎಂಬುದಕ್ಕೆ ದಾಖಲೆಯಿಟ್ಟು ಮುಂಚಿತವಾಗಿ ಅರ್ಜಿ ಕೊಟ್ಟಿದ್ದರೆ ವಿನಾಯಿತಿ ಕೇಳಬಹುದಿತ್ತೆಂದು ನನಗೆ ತಿಳಿದದ್ದು ಆಮೇಲೆ.

ತೋಟಾ ಬಂದಿದೆ ಎಂಬ ಸುದ್ದಿ ಕೇಳಿ ಬೆಂಗಳೂರಿಗೆ ಹೊರಡುವ ಮುನ್ನ ಅಂಗಡಿಗೆ ಫೋನ್ ಮಾಡಿ ನಿಮ್ಮ ಬೋರಿನದು ಎಷ್ಟಿದೆ ಎಂದು ಕೇಳಿ, ಲೈಸೆನ್ಸ್ ಪುಸ್ತಕ ಚೀಲದಲ್ಲಿದೆಯೇ ಎಂದು ಎರಡು ಸಲ ನೋಡಿಕೊಳ್ಳಿ. ನಾನು ಅದನ್ನು ಮನೆಯಲ್ಲಿ ಮರೆತು ಎಪ್ಪತ್ತು ಕಿಲೋಮೀಟರ್ ಹೋಗಿ, ಬರಿಗೈಯಲ್ಲಿ ಹಿಂತಿರುಗುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮನೆ ಸೇರಿದ್ದೇನೆ.