ಹರಿಹರದ ಸೇತುವೆ ಯಾರ ಕೊಡುಗೆ?

‘ಹರಿಹರದ ಹಳೆಯ ತುಂಗಭದ್ರಾ ಸೇತುವೆಯನ್ನು ವಿಶ್ವೇಶ್ವರಯ್ಯನವರು ಕಟ್ಟಿಸಿದ್ದೆಂದು ನಮ್ಮ ತಾತ ಹೇಳುತ್ತಿದ್ದರು. ನಿಮ್ಮ ಲೇಖನದಲ್ಲಿ ಅವರ ಹೆಸರೇ ಇಲ್ಲ. ಮೇಲಾಗಿ, ಹರಿಹರ, ಕುಮಾರಪಟ್ಟಣ ಒಂದೇ ಊರಿನಂತಿರುವಾಗ ಗಡಿ ಸೇತುವೆ ಎಂದು ಬರೆದದ್ದೇಕೆ?’ ಎಂದು ದಾವಣಗೆರೆಯ ಓದುಗರೊಬ್ಬರು ತಕರಾರು ತೆಗೆದಿದ್ದಾರೆ.

ಮಾನ್ಯರೇ, ತಾತನವರ ಮೇಲಿನ ಗೌರವಕ್ಕೆ ಕುಂದು ತಾರದೆ ಹೇಳುತ್ತೇನೆ: ಆ ಸೇತುವೆ ಪೂರ್ಣಗೊಂಡದ್ದು 1868ರಲ್ಲಿ. ಆಗ ವಿಶ್ವೇಶ್ವರಯ್ಯನವರು ಇನ್ನೂ ಏಳೆಂಟು ವರ್ಷದ ಬಾಲಕ. ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಗಟ್ಟಿಯಾಗಿ ನಿಂತ ಕಟ್ಟೆ, ಕಾಲುವೆ, ಸೇತುವೆ ಯಾವುದೇ ಇರಲಿ, ಅವರ ಖಾತೆಗೆ ಜಮೆ ಮಾಡುವ ರೂಢಿ ನಮ್ಮದು. ಕನ್ನಂಬಾಡಿಯೊಂದೇ ಸಾಲದೇ ಅವರ ಕೀರ್ತಿಗೆ? ಮಹಾರಾಜರ ಹೆಸರನ್ನೂ ಇಲ್ಲಿ ಎಳೆದು ತರುವಂತಿಲ್ಲ. 1831ರಿಂದ 1881ರವರೆಗೆ ಮೈಸೂರಿನ ಆಡಳಿತವಿದ್ದದ್ದು ಬ್ರಿಟಿಷ್ ಕಮಿಷನರರ ಕೈಯಲ್ಲಿ; 1868ರಲ್ಲಿ ಆ ಹುದ್ದೆಯಲ್ಲಿದ್ದವರು ಬೌರಿಂಗ್. ಬೆಂಗಳೂರು–ಧಾರವಾಡ ಹೆದ್ದಾರಿ ಹೊಳೆ ದಾಟಬೇಕಾದದ್ದು ಹರಿಹರದಲ್ಲಿ. ಮಲೆನಾಡಿನ ಮಳೆಯನ್ನೆಲ್ಲ ಹೊತ್ತು ಬರುವ ಆಷಾಢದ ತುಂಗಭದ್ರೆಗೆ ಹರಿಗೋಲು ಇಳಿಸುವುದು ಹುಡುಗಾಟದ ಮಾತಲ್ಲ.

ಕಟ್ಟಿದವರ ಜಾಣತನ ಕಾಣಬೇಕೆಂದರೆ ಕಮಾನುಗಳನ್ನು ನೋಡಬೇಕು. ಕಲ್ಲು, ಇಟ್ಟಿಗೆಯ ಕೆಲಸ. 60 ಅಡಿ ಅಗಲದ 14 ಕಮಾನುಗಳು. ಆಕಾರ ಅರ್ಧವೃತ್ತದ್ದಲ್ಲ, ದೀರ್ಘವೃತ್ತದ್ದು. 60 ಅಡಿಗೆ ಅರ್ಧವೃತ್ತ ಹಾಕಿದರೆ ನೆತ್ತಿ 30 ಅಡಿ ಏರಲೇಬೇಕು. ದೀರ್ಘವೃತ್ತಕ್ಕೆ ಆ ಕಟ್ಟುಪಾಡಿಲ್ಲ. ನೀರಿಗೆ ಅಷ್ಟೇ ಅಗಲದ ದಾರಿ ಬಿಟ್ಟೂ ರಸ್ತೆಯನ್ನು ತಗ್ಗಿನಲ್ಲಿ ಇಡಬಹುದು. ಹೇರು ತುಂಬಿದ ಗಾಡಿಯ ಎತ್ತುಗಳಿಗೆ ಏರು ತಪ್ಪುತ್ತದೆ. ಆದರೆ ಚಪ್ಪಟೆಯಾದಷ್ಟೂ ಕಮಾನು ಪಕ್ಕಕ್ಕೆ ಹೆಚ್ಚು ಒತ್ತುತ್ತದೆ. ಒಂದರ ಒತ್ತಡವನ್ನು ಪಕ್ಕದ್ದು ಎದುರೊತ್ತಿ ತಡೆಯುತ್ತದೆ; ಎರಡು ತುದಿಯ ಕಮಾನುಗಳ ಒತ್ತಡಕ್ಕೆ ಮಾತ್ರ ದಡದ ಕಟ್ಟಡವೇ ಎದೆ ಕೊಡಬೇಕು.

ಇನ್ನು ಗಡಿಯ ಮಾತು. ಆಗ ಹರಿಹರದ ದಡ ಮೈಸೂರು ಸಂಸ್ಥಾನ, ಎದುರಿನ ಕುಮಾರಪಟ್ಟಣದ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಎರಡೂ ಕಡೆ ಮಾತು ಕನ್ನಡವೇ, ಸರ್ಕಾರ ಮಾತ್ರ ಬೇರೆ. 1956ರ ನವೆಂಬರ್ 1ರಂದು ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದವು. ಆದರೂ ಗಡಿ ಪೂರ್ತಿ ತೊಲಗಲಿಲ್ಲ: 1997ರಲ್ಲಿ ಹರಿಹರ ಹೊಸ ದಾವಣಗೆರೆ ಜಿಲ್ಲೆಗೆ ಬಂತು, ಕುಮಾರಪಟ್ಟಣ ಹೊಸ ಹಾವೇರಿ ಜಿಲ್ಲೆಗೆ ಹೋಯಿತು. ನೀವು ಹೇಳುವಂತೆ ಜನರ ಲೆಕ್ಕದಲ್ಲಿ ಎರಡೂ ಒಂದೇ ಊರು, ಒಪ್ಪಿದೆ. ‘ಹರಿಹರ ಪಾಲಿಫೈಬರ್ಸ್’ ಕಾರ್ಖಾನೆ ಇರುವುದೇ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ. ಆದರೆ ಅಲ್ಲಿಯವರು ಪಹಣಿಯ ತಿದ್ದುಪಡಿಗೆಂದು ಹರಿಹರದ ತಾಲ್ಲೂಕು ಕಚೇರಿಗೆ ಬಂದರೆ, ರಾಣೆಬೆನ್ನೂರಿಗೆ ಹೋಗಿ ಎಂದೇ ಹೇಳುತ್ತಾರೆ.

– ಸಂಪಾದಕ