ಬೆಚ್ಚುವ ಮಗುವಿಗೆ ಧೈರ್ಯ ಕಲಿಸಬೇಡಿ

ಬೆಚ್ಚಿ ಬೀಳುವ ಮಗುವಿಗೆ ಸದ್ದು ರೂಢಿ ಮಾಡಿಸಲು ಹೊರಡುವ ಮನೆಗಳು ನನಗೆ ಮತ್ತೆ ಮತ್ತೆ ಸಿಗುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಥ ಒಂದು ಮನೆಯ ಕಥೆ ಇದು; ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮಗುವಿನ ತಾಯಿ ಮದುವೆಯಾಗಿದ್ದು ತನ್ನ ಸೋದರಮಾವನನ್ನು. ಹಾಗಾಗಿ ಅವಳಿಗೆ ಅತ್ತೆಯೇ ಅಜ್ಜಿ. ಮಗುವಿನ ಮೈ ಹುಟ್ಟಿದಾಗಿನಿಂದ ಸೆಟೆದಿರುತ್ತಿತ್ತು, ನಿದ್ದೆಯಲ್ಲಿ ಮಾತ್ರ ಸಡಿಲ. ಮೊದಲು ಮೂರ್ಛೆರೋಗ ಅಂದುಕೊಂಡಿದ್ದರು. ನರರೋಗ ತಜ್ಞರು ಮೂಗಿನ ತುದಿ ತಟ್ಟಿದರು. ತಟ್ಟಿದಷ್ಟು ಸಲವೂ ತಲೆ ಹಿಂದಕ್ಕೆ ಜಗ್ಗಿತು. ಜೀನ್ ಪರೀಕ್ಷೆಯಲ್ಲಿ, ಸಣ್ಣ ಸದ್ದಿಗೂ ಬೆಚ್ಚಿ ಮೈ ಸೆಟೆಯುವ ಕಾಯಿಲೆಯಾದ ಹೈಪರ್‌ಎಕ್‌ಪ್ಲೆಕ್ಸಿಯಾ ಖಚಿತವಾಯಿತು. ಜಿಎಲ್‌ಆರ್‌ಎ1 ಜೀನಿನ ಎರಡೂ ಪ್ರತಿಗಳಲ್ಲಿ ದೋಷವಿತ್ತು.

"ದಿನಾ ತೊಟ್ಟಿಲ ಹತ್ರ ತಟ್ಟೆ ಬಡೀತೀನಿ ಮೇಡಂ" ಅಂದರು ಅಜ್ಜಿ. "ಕೇಳಿ ಕೇಳಿ ರೂಢಿ ಆಗ್ಬೇಕಲ್ವಾ? ಇಲ್ಲಾಂದ್ರೆ ಪುಕ್ಕಲ ಆಗ್ತಾನೆ."

ಸೊಸೆ ಮಗುವಿನ ಕಿವಿಗೆ ಸೆರಗು ಮುಚ್ಚಿಕೊಂಡೇ ಕೂತಿದ್ದಳು.

"ಇವತ್ತಿಂದಲೇ ನಿಲ್ಸಿ ಅಜ್ಜಿ" ಅಂದೆ. ನಮಗೆ ಸದ್ದು ರೂಢಿಯಾಗುತ್ತದೆ, ಈ ಮಗುವಿಗೆ ಆಗುವುದಿಲ್ಲ. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಬಿಗಿಯುವ ನರಕೋಶಗಳಿಗೆ "ಸಾಕು" ಅನ್ನುವುದು ಗ್ಲೈಸಿನ್ ಎಂಬ ರಾಸಾಯನಿಕ. ಆ ಜೀನಿನ ದೋಷದಿಂದ, ಗ್ಲೈಸಿನ್ನನ್ನು ಹಿಡಿಯುವ ರಿಸೆಪ್ಟರ್ ಇವನಲ್ಲಿ ಸರಿಯಿಲ್ಲ. ಇದು ಅಜ್ಜಿಗೆ ಹಿಡಿಸಲಿಲ್ಲ. "ಕಾಸರಕದ ಕಾಯಿ ಗೊತ್ತಾ?" ಅಂದೆ. ಗೊತ್ತಿತ್ತು. ಅದರ ಬೀಜದ ವಿಷ ಸ್ಟ್ರಿಕ್ನಿನ್ ತಡೆಯುವುದೂ ಇದೇ ರಿಸೆಪ್ಟರನ್ನು. ವಿಷ ತಿಂದ ನಾಯಿ ಸಣ್ಣ ಸದ್ದಿಗೂ ಸೆಟೆಯುತ್ತದೆ. "ಅದಕ್ಕೆ ಧೈರ್ಯ ಹೇಳಿದ್ರೆ ನಿಲ್ಲುತ್ತಾ ಅಜ್ಜಿ?"

ಹಿರಿಯರ ಮುಂದೆ ನಾಯಿಯ ಮಾತು ಬೇಡವಾಗಿತ್ತು ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಆದರೆ ಹೀಗೆ ಸೆಟೆದಾಗ ಕೂಸಿನ ಉಸಿರೇ ನಿಲ್ಲಬಹುದು. ಸುತ್ತಿ ಬಳಸಿ ಹೇಳಿದ್ದರೆ ಮರುದಿನ ಬೆಳಿಗ್ಗೆಯೂ ತಟ್ಟೆ ಬಡಿಯುತ್ತಿತ್ತು.

ಬೈದು ಕಳಿಸಲಿಲ್ಲ, ಕೆಲಸ ಕೊಟ್ಟೆ. ಒಂದು ಕೈ ತಲೆಯ ಹಿಂದೆ, ಇನ್ನೊಂದು ಕಾಲುಗಳ ಕೆಳಗೆ ಇಟ್ಟು, ತಲೆಯನ್ನೂ ಕಾಲುಗಳನ್ನೂ ಹೊಟ್ಟೆಯ ಕಡೆಗೆ ಮಡಚಿ ಹಿಡಿಯುವುದು. ಸೆಟೆತ ಬಿಡಿಸಲು ಇದು ಗೊತ್ತಿರಲೇಬೇಕು. ಗೊಂಬೆಯ ಮೇಲೆ ಅಜ್ಜಿಯಿಂದಲೇ ಮಾಡಿಸಿದೆ. ಸೊಸೆಗಿಂತ ಚೆನ್ನಾಗಿ ಮಾಡಿದರು!

ಈ ಬೆಚ್ಚುವಿಕೆಗೆ ಕೊಡುವ ಔಷಧಿ ಕ್ಲೋನಾಜೆಪಾಮ್ ಅನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮಗು ನಡೆಯತೊಡಗಿದ ಮೇಲೆ ಬೆಚ್ಚಿದರೆ ಕೈ ಊರಲೂ ಆಗದೆ ಬೀಳಬಹುದು. ಆಗಲೂ ಎಚ್ಚರ ಇರುತ್ತದೆ, ಆದ್ದರಿಂದ ಫಿಟ್ಸ್ ಅಂದುಕೊಳ್ಳಬೇಡಿ. ಶಾಲೆಯಲ್ಲೂ ತಿಳಿಸಿಡಿ.

ಬಸುರಿಯಾಗಿದ್ದಾಗ ಪಟಾಕಿಗೆ ಹೆದರಿದ್ದಕ್ಕೇ ಹೀಗಾಯಿತು ಅಂತ ಮನೆಯಲ್ಲಿ ಸೊಸೆಯನ್ನು ದೂರುತ್ತಿದ್ದರು. ಗಂಡನನ್ನೂ ಕೂರಿಸಿಕೊಂಡು ಹೇಳಿದೆ: ದೋಷದ ಒಂದೊಂದು ಪ್ರತಿ ಇಬ್ಬರಿಂದಲೂ ಬಂದಿದೆ. ಮುಂದಿನ ಒಂದೊಂದು ಬಸುರಿನಲ್ಲೂ ಮಗುವಿಗೆ ಇದೇ ಕಾಯಿಲೆ ಬರುವ ಶೇ. 25 ಸಾಧ್ಯತೆ ಇದೆ. ಬಸುರಾದ ಮೇಲಲ್ಲ, ಯೋಚಿಸುವಾಗಲೇ ಬನ್ನಿ.